ಮಂಡಕಳ್ಳಿಗೆ ರೈಲು ಕೇಳುವವರು ಪ್ಲಾಟ್‌ಫಾರ್ಮಿನ ಎತ್ತರವನ್ನೂ ಕೇಳಲಿ

ಸಂಪಾದಕರಿಗೆ,

ಮಾನ್ಯರೇ,

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ಬಳಿ ರೈಲು ನಿಲ್ಲಬೇಕು, ಮೈಸೂರು–ಮಂಡ್ಯದ ಕಡೆಯಿಂದ ದೇವನಹಳ್ಳಿಯ ಬೆಂಗಳೂರು ವಿಮಾನ ನಿಲ್ದಾಣಕ್ಕೆ ನೇರ ರೈಲು ಬೇಕು ಎಂಬ ಮಾತು ನಮ್ಮಲ್ಲಿ ಆಗಾಗ ಎದ್ದು ತಣ್ಣಗಾಗುತ್ತದೆ. ಎದ್ದಾಗಲೆಲ್ಲ ಚರ್ಚೆಯಾಗುವುದು ವೇಗದ ಬಗ್ಗೆಯೇ: ಎಷ್ಟು ಹೊತ್ತಿಗೆ ತಲುಪುತ್ತೇವೆ, ಬಿಡುವುದು ವಂದೇ ಭಾರತೋ, ಹತ್ತಿರದೂರುಗಳ ನಡುವೆ ಓಡುವ ವಿದ್ಯುತ್ ರೈಲಾದ ಮೆಮುವೋ. ವಿಮಾನ ಹಿಡಿಯಲು ಹೊರಟವರಿಗೆ ಹತ್ತು ನಿಮಿಷ ಹಿಂದೆಮುಂದಾದರೆ ದೊಡ್ಡ ನಷ್ಟವಿಲ್ಲ. ಎರಡೆರಡು ಸೂಟ್‌ಕೇಸ್ ಹಿಡಿದ ವಯಸ್ಸಾದ ದಂಪತಿ ಯಾರ ನೆರವಿಗೂ ಕಾಯದೆ ರೈಲು ಹತ್ತಿ ಇಳಿಯಬಹುದೇ, ಇಳಿದ ಜಾಗದಿಂದ ಟರ್ಮಿನಲ್ ಬಾಗಿಲಿಗೆ ನಡೆದೇ ಹೋಗಬಹುದೇ ಎಂಬುದು ಅದಕ್ಕಿಂತ ಮುಖ್ಯ. ಈ ಎರಡನ್ನೂ ಸರಿಯಾಗಿ ಮಾಡಿರುವ ಒಂದು ರೈಲಿನ ವಿವರವನ್ನು ಓದುಗರ ಮುಂದಿಡುವುದು ಈ ಪತ್ರದ ಉದ್ದೇಶ. ಅದು ಅಮೆರಿಕದ ಟೆಕ್ಸಸ್ ರಾಜ್ಯದ ಫೋರ್ಟ್ ವರ್ತ್ ನಗರದಿಂದ ಡಾಲಸ್–ಫೋರ್ಟ್ ವರ್ತ್ ವಿಮಾನ ನಿಲ್ದಾಣಕ್ಕೆ ಓಡುವ ಟೆಕ್ಸ್‌ರೈಲ್. ನಮ್ಮ ಜಿಲ್ಲೆಗಳ ಎಷ್ಟೋ ಮನೆಗಳ ಮಕ್ಕಳು ಆ ಸುತ್ತಿನ ಊರುಗಳಲ್ಲಿ ಕೆಲಸದಲ್ಲಿದ್ದಾರೆ. ಅವರನ್ನು ನೋಡಲು ಹೋಗುವ ಹಿರಿಯರಿಗೂ ಈ ಮಾಹಿತಿ ಒದಗೀತು.

ದಾರಿ ಒಟ್ಟು 27 ಮೈಲಿ, ಅಂದರೆ ಸುಮಾರು 43 ಕಿ.ಮೀ. ಮೈಸೂರಿಗೂ ಮಂಡ್ಯಕ್ಕೂ ಇರುವ ದೂರವೂ ಹೆಚ್ಚುಕಡಿಮೆ ಇಷ್ಟೇ. ಫೋರ್ಟ್ ವರ್ತ್‌ನ ಟಿ ಅಂಡ್ ಪಿ ನಿಲ್ದಾಣದಿಂದ ಹೊರಟು ವಿಮಾನ ನಿಲ್ದಾಣದ ಬಿ ಟರ್ಮಿನಲ್‌ವರೆಗೆ ಒಂಬತ್ತು ನಿಲ್ದಾಣಗಳು. 2019ರ ಜನವರಿ 10ರಂದು ಸಂಚಾರ ಶುರುವಾಯಿತು. ನಡೆಸುವುದು ಟ್ರಿನಿಟಿ ಮೆಟ್ರೊ ಎಂಬ ಸಾರ್ವಜನಿಕ ಸಾರಿಗೆ ಸಂಸ್ಥೆ. ಇದಕ್ಕಾಗಿ ಪೂರ್ತಿ ಹೊಸ ಮಾರ್ಗ ಹಾಕಲಿಲ್ಲ. ಬಹುಪಾಲು ದೂರಕ್ಕೆ ಕಾಟನ್ ಬೆಲ್ಟ್ ಎಂದು ಕರೆಯುತ್ತಿದ್ದ ಹಳೆಯ ಗೂಡ್ಸ್ ಮಾರ್ಗವನ್ನೇ ದುರಸ್ತಿ ಮಾಡಿ ಬಳಸಿಕೊಂಡರು. ಹೆಚ್ಚಿನ ಭಾಗ ಇಂದಿಗೂ ಒಂಟಿ ಹಳಿ. ಎದುರಿನ ರೈಲಿಗೆ ದಾರಿ ಬಿಡಲು ಅಲ್ಲಲ್ಲಿ ಲೂಪ್ ಹಳಿಗಳಿವೆ. ಆದ್ದರಿಂದ ಒಂದು ರೈಲು ತಡವಾದರೆ ಎದುರಿನಿಂದ ಬರುವ ರೈಲೂ ಕ್ರಾಸಿಂಗ್‌ಗೆ ಕಾದು ತಡವಾಗುತ್ತದೆ. ಮೈಸೂರು–ಬೆಂಗಳೂರು ಮಾರ್ಗ ಜೋಡಿ ಹಳಿಯಾಗುವ ಮೊದಲು ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುದಿಯಿಂದ ತುದಿಗೆ ಹಿಡಿಯುವ ಸಮಯ ಐವತ್ತು ನಿಮಿಷದ ಮೇಲೆ ಸ್ವಲ್ಪ. ಅಷ್ಟೇ ದೂರದ ಮೈಸೂರು–ಮಂಡ್ಯವನ್ನು ನಮ್ಮ ಎಕ್ಸ್‌ಪ್ರೆಸ್ ರೈಲುಗಳು ಅದಕ್ಕಿಂತ ಬೇಗ ಮುಗಿಸುತ್ತವೆ. ವೇಗದಲ್ಲಿ ನಾವು ಹಿಂದಿಲ್ಲ ಎನ್ನಲು ಇಷ್ಟು ಸಾಕು.

ಹಳಿ ಅಮೆರಿಕದ್ದಾದರೂ ಅದರ ಮೇಲೆ ಓಡುವುದು ಯುರೋಪಿನ ರೈಲು. ಸ್ವಿಟ್ಜರ್‌ಲೆಂಡಿನ ಬುಸ್ನಾಂಗ್‌ನಲ್ಲಿ ಕೇಂದ್ರವಿರುವ ಸ್ಟಾಡ್ಲರ್ ಕಂಪನಿಯ ‘ಫ್ಲರ್ಟ್’ ಮಾದರಿ ಇದು. ಯುರೋಪಿನಲ್ಲಿ 2004ರಿಂದ ಓಡುತ್ತಿರುವ ಈ ಮಾದರಿ ಅಮೆರಿಕದ ಪ್ರಯಾಣಿಕರಿಗೆ ಮೊದಲು ಸಿಕ್ಕಿದ್ದು ಈ ಮಾರ್ಗದಲ್ಲಿ. ಸರ್ಕಾರಿ ಅನುದಾನದಲ್ಲಿ ಕೊಳ್ಳುವ ರೈಲಿನ ಅಂತಿಮ ಜೋಡಣೆ ತಮ್ಮ ದೇಶದಲ್ಲೇ ಆಗಬೇಕೆಂಬ ಕಾನೂನು ಅಲ್ಲಿದೆ. ಹಾಗಾಗಿ ವಿನ್ಯಾಸ ಸ್ವಿಸ್, ಜೋಡಣೆ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ.

ಒಂದು ರೈಲಿಗೆ ಪ್ರಯಾಣಿಕರ ಬೋಗಿ ನಾಲ್ಕು. ಇವುಗಳ ನಡುವೆ ಒಂದು ಮೋಟು ಬೋಗಿ ಇರುತ್ತದೆ. ಡೀಸೆಲ್ ಎಂಜಿನ್, ಜನರೇಟರ್ ಎಲ್ಲ ಅದರೊಳಗೆ. ಅಲ್ಲಿ ತಯಾರಾದ ಕರೆಂಟು ಚಕ್ರಗಳನ್ನು ತಿರುಗಿಸುವ ಮೋಟಾರುಗಳಿಗೆ ಹೋಗುತ್ತದೆ. ನಮ್ಮ ಡೀಸೆಲ್ ಲೋಕಲ್ ಆದ ಡೆಮು ರೈಲಿನ ಎಂಜಿನ್ ಬೋಗಿಯಲ್ಲಿ ಕೂತು ಬಂದವರಿಗೆ ಆ ಸದ್ದು, ನಡುಕ ಗೊತ್ತು. ಇಲ್ಲಿ ಅದು ಮೋಟು ಬೋಗಿಯಲ್ಲೇ ಉಳಿಯುತ್ತದೆ. ಆದರೆ ಇದರ ನಿಜವಾದ ಲಾಭ ಬೇರೆ. ಕೂರುವ ಬೋಗಿಯ ನೆಲದಡಿ ಎಂಜಿನ್ ಇಲ್ಲ, ಉಳಿದ ಯಂತ್ರಗಳಲ್ಲೂ ಬಹಳಷ್ಟನ್ನು ಚಾವಣಿಗೆ ಏರಿಸಿದ್ದಾರೆ, ಅಕ್ಕಪಕ್ಕದ ಎರಡು ಬೋಗಿಗಳ ತುದಿಗಳು ಒಂದೇ ಚಕ್ರದ ಚೌಕಟ್ಟಿನ ಮೇಲೆ ಕೂತಿವೆ. ಹೀಗೆ ಕೆಳಗೆ ಜಾಗ ಖಾಲಿಯಾದ್ದರಿಂದ ಬೋಗಿಯ ನೆಲವನ್ನೇ ತಗ್ಗಿಸಲು ಸಾಧ್ಯವಾಯಿತು. ಬಾಗಿಲ ಬಳಿ ನೆಲ ಹಳಿಯ ಮಟ್ಟದಿಂದ ಸುಮಾರು ಎರಡಡಿ ಮೇಲಿದೆ, ಪ್ಲಾಟ್‌ಫಾರ್ಮನ್ನೂ ಅದೇ ಮಟ್ಟಕ್ಕೆ ಕಟ್ಟಿದ್ದಾರೆ.

ಆ ಬಾಗಿಲನ್ನು ಹತ್ತಿರದಿಂದ ನೋಡಬೇಕು. ರೈಲು ನಿಂತ ಮೇಲೆ ಬಾಗಿಲ ಅಡಿಯಿಂದ ಒಂದು ಲೋಹದ ಹಲಗೆ ಸರಿದು ಹೊರಬರುತ್ತದೆ. ಬೋಗಿಗೂ ಪ್ಲಾಟ್‌ಫಾರ್ಮಿನ ಅಂಚಿಗೂ ನಡುವಿನ ಸಂದನ್ನು ಅದು ಮುಚ್ಚುತ್ತದೆ. ಬಾಗಿಲು ತಾನಾಗಿ ತೆರೆಯದಿದ್ದರೆ ಅದರ ಮೇಲಿನ ಗುಂಡಿ ಒತ್ತಬೇಕು. ಎರಡೂ ರೆಕ್ಕೆಗಳು ಅಕ್ಕಪಕ್ಕಕ್ಕೆ ಸರಿಯುತ್ತವೆ. ಸೂಟ್‌ಕೇಸಿನ ಚಕ್ರ ನೆಲ ಬಿಡುವ ಪ್ರಮೇಯವೇ ಇಲ್ಲ, ಉರುಳಿಸಿಕೊಂಡು ಒಳಗೆ ಹೋದರಾಯಿತು. ಗಾಲಿಕುರ್ಚಿಯೂ ಹಾಗೆಯೇ, ಮಗುವಿನ ತಳ್ಳುಗಾಡಿಯೂ ಹಾಗೆಯೇ. ಪ್ಲಾಟ್‌ಫಾರ್ಮನ್ನು ಹಳಿಗೆ ಒತ್ತಿಯೇ ಕಟ್ಟಿದ್ದರೆ ಹಲಗೆಯ ಗೊಡವೆ ಏಕೆ ಎಂದು ಕೇಳಬಹುದು. ಇದೇ ಹಳಿಯಲ್ಲಿ ಅಗಲದ ಗೂಡ್ಸ್ ವ್ಯಾಗನ್‌ಗಳೂ ಓಡುತ್ತವೆ. ಅವು ತಾಗದಿರಲು ಸಂದು ಬಿಡಲೇಬೇಕು. ಪ್ರಯಾಣಿಕರ ರೈಲು ಬಂದಾಗ ಮಾತ್ರ ಹಲಗೆ ಅದನ್ನು ಮುಚ್ಚುತ್ತದೆ. ಗೂಡ್ಸ್ ಓಡುವ ಮಾರ್ಗದಲ್ಲಿ ಸಮತಟ್ಟಾಗಿ ಹತ್ತುವ ಏರ್ಪಾಡು ಆಗದ ಮಾತು ಎನ್ನುವವರಿಗೆ ಈ ಹಲಗೆಯೇ ಉತ್ತರ.

ಈಗ ನಮ್ಮ ಲೆಕ್ಕ. ಭಾರತೀಯ ರೈಲ್ವೆಯಲ್ಲಿ ಎತ್ತರದ ಪ್ಲಾಟ್‌ಫಾರ್ಮ್ ಎಂದರೆ ಹಳಿಯಿಂದ 76ರಿಂದ 84 ಸೆಂ.ಮೀ. ಮಧ್ಯಮ ಎತ್ತರದ್ದು 45.5 ಸೆಂ.ಮೀ. ಸಣ್ಣ ನಿಲ್ದಾಣಗಳಲ್ಲಿ ಬರಿಯ ಹಳಿಮಟ್ಟದ ಪ್ಲಾಟ್‌ಫಾರ್ಮೂ ಉಂಟು. ನಮ್ಮ ಸಾಮಾನ್ಯ ಬೋಗಿಯ ನೆಲ ಹಳಿಯಿಂದ ಸುಮಾರು 1.3 ಮೀಟರ್ ಮೇಲೆ. ಅಂದರೆ ಮೈಸೂರಿನಂಥ ದೊಡ್ಡ ನಿಲ್ದಾಣದಲ್ಲೂ ಅರ್ಧ ಮೀಟರಿನಷ್ಟು ಏರಬೇಕು. ಅಮೆರಿಕಕ್ಕೆ ಹೋಗುವವರು ಸಾಮಾನ್ಯವಾಗಿ ತಲಾ 23 ಕಿಲೋದ ಎರಡು ಸೂಟ್‌ಕೇಸ್ ಒಯ್ಯುತ್ತಾರೆ, ಕೈಚೀಲ ಬೇರೆ. ಗಂಡ ಹೆಂಡತಿ ಇಬ್ಬರದೂ ಸೇರಿದರೆ 92 ಕಿಲೋ. ಆ ನಾಲ್ಕು ಸೂಟ್‌ಕೇಸನ್ನೂ ಒಂದೊಂದಾಗಿ ಅರ್ಧ ಮೀಟರ್ ಮೇಲಕ್ಕೆತ್ತಿ, ಕಡಿದಾದ ಮೆಟ್ಟಿಲ ಮೇಲೆ ತಿರುಗಿಸಿ, ಇಕ್ಕಟ್ಟಿನ ಬಾಗಿಲೊಳಗೆ ತೂರಿಸಬೇಕು. ಮಂಡ್ಯದಲ್ಲಿ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ, ಇಳಿಯುವವರೆಲ್ಲ ಇಳಿದ ಮೇಲೆ ಇದು ಆಗಬೇಕು. ಮಂಡಿನೋವಿರುವ ಎಷ್ಟು ಮಂದಿಗೆ ಇದು ಸಾಧ್ಯ? ಮೈಸೂರಿನವರು ದೇವನಹಳ್ಳಿಗೆ ಹೋಗಲು ಕೆಎಸ್‌ಆರ್‌ಟಿಸಿ ಫ್ಲೈಬಸ್ಸನ್ನೋ ಬಾಡಿಗೆ ಕಾರನ್ನೋ ಹಿಡಿಯುವುದಕ್ಕೆ ದೊಡ್ಡ ಕಾರಣ ಈ ಲಗೇಜಿನ ಪಾಡು. ಬಸ್ಸಿನಲ್ಲಿ ಅದು ಕೆಳಗಿನ ಡಿಕ್ಕಿಗೆ ಹೋಗುತ್ತದೆ, ನಡುವೆ ಎಲ್ಲೂ ಇಳಿಸಿ ಹತ್ತಿಸುವ ಕೆಲಸವಿಲ್ಲ. ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್ಕಿನಲ್ಲಿ ಇಳಿದು, ರಸ್ತೆ ದಾಟಿ ವಿಮಾನ ನಿಲ್ದಾಣದ ವಾಯುವಜ್ರ ಬಸ್ ಹತ್ತುವ ಮಂಡ್ಯದವರಿಗೆ ಅದೇ ಕೆಲಸ ಎರಡು ಸಲ.

ಯುರೋಪಿನ ಹಗುರ ರೈಲು ಅಮೆರಿಕದ ಗೂಡ್ಸ್ ಹಳಿಗೆ ಬರಲು ಇಷ್ಟು ವರ್ಷ ಏಕೆ ಹಿಡಿಯಿತು ಎಂಬುದನ್ನೂ ಹೇಳಬೇಕು, ನಮಗೂ ಅದು ಅನ್ವಯಿಸುತ್ತದೆ. ಪ್ರಯಾಣಿಕರ ಬೋಗಿಯ ತುದಿಗೆ 8 ಲಕ್ಷ ಪೌಂಡ್, ಅಂದರೆ ಸುಮಾರು 363 ಟನ್ನಿನ ಒತ್ತಡ ಹಾಕಿದರೂ ಚೌಕಟ್ಟು ಕಾಯಂ ಆಗಿ ಬಗ್ಗಬಾರದೆಂಬುದು ಅಲ್ಲಿನ ಹಳೆಯ ನಿಯಮ. ಯುರೋಪಿನಲ್ಲಿ ಇಂಥ ರೈಲಿಗೆ ಸುಮಾರು 150 ಟನ್ ತಾಳಿದರೆ ಸಾಕು. ಹೀಗಾಗಿ 2004ರಲ್ಲಿ ಸ್ಟಾಡ್ಲರ್‌ನ ಇನ್ನೊಂದು ಮಾದರಿಯನ್ನು ನ್ಯೂಜೆರ್ಸಿಯ ರಿವರ್ ಲೈನ್‌ಗೆ ತಂದಾಗ ಹಗಲು ಪ್ರಯಾಣಿಕರಿಗೆ, ರಾತ್ರಿ ಗೂಡ್ಸಿಗೆ ಎಂದು ಹೊತ್ತು ಹಂಚಬೇಕಾಯಿತು. ವಿಮಾನ ನಿಲ್ದಾಣದ ರೈಲನ್ನು ಹಾಗೆ ನಡೆಸಲಾಗದು. ವಿಮಾನಗಳು ರಾತ್ರಿಯೂ ಇಳಿಯುತ್ತವೆ. ಪರಿಹಾರ ಬಂದದ್ದು ಬೋಗಿಯ ತುದಿಯನ್ನು ಬೇರೆ ರೀತಿ ಕಟ್ಟುವುದರಿಂದ. ಡಿಕ್ಕಿಯಾದರೆ ಮೂತಿಯ ಭಾಗ ಗೊತ್ತಾದ ಕ್ರಮದಲ್ಲಿ ನುಜ್ಜಾಗಿ ಹೊಡೆತವನ್ನು ನುಂಗುತ್ತದೆ, ಜನ ಕೂರುವ ಭಾಗ ಉಳಿಯುತ್ತದೆ. ಬರಿಯ ಗಟ್ಟಿತನದ ಬದಲು ಇದನ್ನೂ ಒಪ್ಪುವ ನಿಯಮವನ್ನು ಅಮೆರಿಕದ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ 2018ರ ನವೆಂಬರಿನಲ್ಲಿ ಹೊರಡಿಸಿತು. ಎರಡು ತಿಂಗಳೊಳಗೆ ಟೆಕ್ಸ್‌ರೈಲ್ ಓಡತೊಡಗಿತು. ಪ್ರಯಾಣಿಕರಿಗೆ ಅನುಕೂಲವಾಗುವ ರೈಲನ್ನು ತಡೆಯುತ್ತಿದ್ದುದು ಹಣವಲ್ಲ, ಅಳತೆಯ ಪುಸ್ತಕ. ಅದನ್ನು ತಿದ್ದುವ ಕೆಲಸವೂ ಎಂಜಿನಿಯರುಗಳದೇ.

ಇನ್ನು ಅಲ್ಲಿ ಹೋಗುವವರಿಗೆ ಬೇಕಾದ ವಿವರ. ಟಿಕೆಟ್ ದರ ಎರಡು ಡಾಲರಿನ ಆಸುಪಾಸು. ಪ್ಲಾಟ್‌ಫಾರ್ಮಿನ ಯಂತ್ರದಲ್ಲೋ ಫೋನಿನ ಗೋಪಾಸ್ ಆ್ಯಪಿನಲ್ಲೋ ಹತ್ತುವ ಮೊದಲೇ ಕೊಳ್ಳಬೇಕು. ಮೆಟ್ರೊ ನಿಲ್ದಾಣದಲ್ಲಿರುವಂತೆ ಅಡ್ಡಗೇಟು ಇಲ್ಲ; ಯಾರೂ ಕೇಳಲಿಲ್ಲವೆಂದು ಟಿಕೆಟಿಲ್ಲದೆ ಕೂತರೆ ಒಳಗೆ ತಪಾಸಣೆಯವರು ಬರುತ್ತಾರೆ. ರೈಲುಗಳು ಹೊತ್ತಿಗೆ ತಕ್ಕಂತೆ ಅರ್ಧ ಗಂಟೆಗೋ ಒಂದು ಗಂಟೆಗೋ ಒಂದು. ಮಧ್ಯರಾತ್ರಿ ದಾಟಿದ ಮೇಲೆ ಕೆಲವು ಗಂಟೆ ರೈಲೇ ಇಲ್ಲ. ವಿಮಾನ ತಡರಾತ್ರಿ ಇಳಿಯುವುದಾದರೆ ಕೊನೆಯ ರೈಲಿನ ಹೊತ್ತನ್ನು ಊರಿನಲ್ಲಿರುವಾಗಲೇ ನೋಡಿಟ್ಟುಕೊಳ್ಳಿ. ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಮುಗಿಸಲು ಒಂದೂವರೆ ಎರಡು ಗಂಟೆ ಹಿಡಿಸಬಹುದೆಂದೇ ಲೆಕ್ಕ ಹಾಕಿ.

ಒಳಗೆ ಬಾಗಿಲ ಪಕ್ಕದ ತಗ್ಗಿನ ಭಾಗದಲ್ಲೇ ಕೂರುವುದು ಒಳ್ಳೆಯದು. ಚಕ್ರಗಳಿರುವ ಕಡೆ ನೆಲ ಎತ್ತರವಾಗಿ ಒಳಮೆಟ್ಟಿಲು ಬರುತ್ತದೆ, ಅಲ್ಲಿಗೆ ಸೂಟ್‌ಕೇಸ್ ಒಯ್ದರೆ ಮತ್ತೆ ಎತ್ತುವ ಕೆಲಸ. ಎಂಜಿನ್ನಿನ ಮೋಟು ಬೋಗಿಯೊಳಗೆ ಆ ಕಡೆಯಿಂದ ಈ ಕಡೆಗೆ ದಾಟಲು ಓಣಿ ಇದೆ, ಆದರೆ ಇಕ್ಕಟ್ಟು. ದೊಡ್ಡ ಲಗೇಜ್ ಇದ್ದವರು ರೈಲು ಬರುವ ಮೊದಲೇ ಎರಡರಲ್ಲಿ ಒಂದು ಅರ್ಧವನ್ನು ಆರಿಸಿಕೊಂಡು ನಿಲ್ಲಬೇಕು. ಲಗೇಜನ್ನು ಬಾಗಿಲಿಗೆ ಅಡ್ಡವಾಗಿ ಬಿಡಬಾರದು. ಬಾಗಿಲ ನಡುವೆ ಚಕ್ರವೋ ಪಟ್ಟಿಯೋ ಸಿಕ್ಕಿದರೆ ಅದು ಮುಚ್ಚುವುದಿಲ್ಲ, ಮುಚ್ಚದೆ ರೈಲು ಕದಲುವುದಿಲ್ಲ. ಒಂಟಿ ಹಳಿಯಲ್ಲಿ ಆ ಒಂದು ನಿಮಿಷ ಎದುರು ರೈಲಿನವರಿಗೂ ಹೋಗಿ ಮುಟ್ಟುತ್ತದೆ.

ಹೆಚ್ಚು ಜನ ಎಡವುವುದು ನಿಲ್ದಾಣದ ಹೆಸರುಗಳಲ್ಲಿ. ಡಾಲಸ್–ಫೋರ್ಟ್ ವರ್ತ್ ಎಂಬುದನ್ನು ಅಲ್ಲಿ ಡಿಎಫ್‌ಡಬ್ಲ್ಯು ಎಂದು ಚಿಕ್ಕದಾಗಿ ಬರೆಯುತ್ತಾರೆ. ಟೆಕ್ಸ್‌ರೈಲ್‌ನಲ್ಲಿ ಹೋಗುವಾಗ ‘ಡಿಎಫ್‌ಡಬ್ಲ್ಯು ಏರ್‌ಪೋರ್ಟ್ ನಾರ್ತ್’ ಎಂಬ ನಿಲ್ದಾಣ ಮೊದಲು ಬರುತ್ತದೆ. ಏರ್‌ಪೋರ್ಟ್ ಎಂಬ ಮಾತು ಕಿವಿಗೆ ಬಿದ್ದೊಡನೆ ಇಳಿದುಬಿಟ್ಟರೆ ಅಲ್ಲಿ ಟರ್ಮಿನಲ್ ಇರುವುದಿಲ್ಲ. ಇಳಿಯಬೇಕಾದದ್ದು ಕೊನೆಯ ನಿಲ್ದಾಣ ಟರ್ಮಿನಲ್ ಬಿ. ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ಫೋರ್ಟ್ ವರ್ತ್‌ನಿಂದ ಡಾಲಸ್‌ಗೆ ಹೋಗುವ ಟ್ರಿನಿಟಿ ರೈಲ್ವೆ ಎಕ್ಸ್‌ಪ್ರೆಸ್ ಎಂಬ ಬೇರೆಯೇ ರೈಲಿಗೆ ‘ಸೆಂಟರ್‌ಪೋರ್ಟ್/ಡಿಎಫ್‌ಡಬ್ಲ್ಯು ಏರ್‌ಪೋರ್ಟ್’ ಎಂಬ ನಿಲ್ದಾಣವಿದೆ. ಅದು ವಿಮಾನ ನಿಲ್ದಾಣದ ದಕ್ಷಿಣಕ್ಕಿದೆ, ಅಲ್ಲಿಂದ ಟರ್ಮಿನಲ್‌ಗೆ ಮತ್ತೆ ಬಸ್ ಹತ್ತಬೇಕು. ಫೋರ್ಟ್ ವರ್ತ್ ಸೆಂಟ್ರಲ್ ನಿಲ್ದಾಣದಲ್ಲಿ ಎರಡೂ ರೈಲು ಸಿಗುವುದರಿಂದ ಬೋರ್ಡ್ ಓದಿಯೇ ಹತ್ತಬೇಕು.

ಹೊರದೇಶದ ವಿಮಾನಗಳು ಹೆಚ್ಚಾಗಿ ಡಿ ಟರ್ಮಿನಲ್‌ಗೆ ಬರುತ್ತವೆ, ಹೊರಡುವುದೂ ಅಲ್ಲಿಂದಲೇ. ರೈಲು ನಿಲ್ಲುವುದು ಬಿ ಬಳಿ. ತೂಕಕ್ಕೆ ಹಾಕಬೇಕಾದ ಲಗೇಜ್ ಇದ್ದವರು ‘ಟರ್ಮಿನಲ್ ಲಿಂಕ್’ ಎಂಬ ಉಚಿತ ಬಸ್ಸಿನಲ್ಲಿ ಡಿ ಟರ್ಮಿನಲ್‌ಗೆ ಹೋಗಿ ತಮ್ಮ ವಿಮಾನದ ಕೌಂಟರಿನಲ್ಲಿ ಕೊಡಬೇಕು. ಕೈಚೀಲ ಮಾತ್ರ ಇದ್ದು ಬೋರ್ಡಿಂಗ್ ಪಾಸ್ ಕೈಯಲ್ಲಿದ್ದರೆ ಬಿ ಟರ್ಮಿನಲ್‌ನಲ್ಲೇ ಭದ್ರತಾ ತಪಾಸಣೆ ಮುಗಿಸಿ, ಒಳಗಿನ ‘ಸ್ಕೈಲಿಂಕ್’ ಎಂಬ ಚಾಲಕನಿಲ್ಲದ ರೈಲಿನಲ್ಲಿ ಹೋಗಬಹುದು. ಐದೂ ಟರ್ಮಿನಲ್‌ಗಳನ್ನು ಜೋಡಿಸುವ ಈ ರೈಲು ತಪಾಸಣೆ ದಾಟಿದವರಿಗೆ ಮಾತ್ರ. ಬಂದಿಳಿದವರು ಕಸ್ಟಮ್ಸ್ ಮುಗಿಸಿ ಹೊರಬಂದ ಮೇಲೆ ಸ್ಕೈಲಿಂಕ್ ಹುಡುಕಿ ಪ್ರಯೋಜನವಿಲ್ಲ, ಅವರಿಗೆ ಬಸ್ಸೇ ಗತಿ.

ಮಕ್ಕಳ ಮನೆ ಎಲ್ಲಿದೆ ಎಂಬುದರ ಮೇಲೆ ಯಾವ ರೈಲು ಎಂಬುದು ತೀರ್ಮಾನವಾಗುತ್ತದೆ. ಫೋರ್ಟ್ ವರ್ತ್, ಗ್ರೇಪ್‌ವೈನ್, ನಾರ್ತ್ ರಿಚ್‌ಲ್ಯಾಂಡ್ ಹಿಲ್ಸ್ ಕಡೆಯಾದರೆ ಟೆಕ್ಸ್‌ರೈಲ್. ಅರ್ವಿಂಗ್, ಲಾಸ್ ಕೊಲಿನಾಸ್, ಡಾಲಸ್ ಪೇಟೆಯಾದರೆ 2014ರಿಂದ ಎ ಟರ್ಮಿನಲ್‌ಗೆ ಬರುತ್ತಿರುವ ಆರೆಂಜ್ ಲೈನ್ ಎಂಬ ರೈಲು. ನಮ್ಮವರು ಹೆಚ್ಚಾಗಿರುವ ಪ್ಲೇನೋ, ರಿಚರ್ಡ್‌ಸನ್ ಕಡೆಗೆ 2025ರ ಅಕ್ಟೋಬರಿನಲ್ಲಿ ಸಿಲ್ವರ್ ಲೈನ್ ಶುರುವಾಗಿದೆ. ಅದೂ ಸ್ಟಾಡ್ಲರ್ ಫ್ಲರ್ಟ್ ರೈಲೇ, ಹೊರಡುವುದೂ ಬಿ ಟರ್ಮಿನಲ್‌ನಿಂದಲೇ. ಹೊಸಬರ ಕಣ್ಣಿಗೆ ಎರಡೂ ಒಂದೇ ಥರ. ಹತ್ತುವ ಮೊದಲು ರೈಲಿನ ಮೂತಿಯ ಮೇಲೆ ಹೋಗುವ ಊರಿನ ಹೆಸರು ಓದಿ: ಪ್ಲೇನೋ ಕಡೆಯದು ಶೈಲೋ ರೋಡ್‌ವರೆಗೆ, ಇನ್ನೊಂದು ಫೋರ್ಟ್ ವರ್ತ್‌ಗೆ. ತಪ್ಪಿ ಹತ್ತಿದರೆ ಎದುರು ದಿಕ್ಕಿಗೆ ಹೋಗುತ್ತೀರಿ.

ನಮ್ಮ ದೇಶದಲ್ಲೂ ಇಂಥ ಏರ್‌ಪೋರ್ಟ್ ರೈಲು ಹೊಸತಲ್ಲ. ದೆಹಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ 2011ರಲ್ಲಿ ಸ್ಪೇನಿನ ಸಿಎಎಫ್ ಕಂಪನಿಯ ರೈಲುಗಳೊಂದಿಗೆ ಶುರುವಾಯಿತು. ಪ್ಲಾಟ್‌ಫಾರ್ಮಿನಿಂದ ಸಮತಟ್ಟಾಗಿ ಹತ್ತುವುದು, ಟರ್ಮಿನಲ್ ಬಳಿಯೇ ಇಳಿಯುವುದು. ಊರೊಳಗಿನ ನಿಲ್ದಾಣದಲ್ಲೇ ಲಗೇಜ್ ಒಪ್ಪಿಸುವ ಏರ್ಪಾಡನ್ನೂ ಅಲ್ಲಿ ಮಾಡಿದರು. ಬೆಂಗಳೂರಿನ ಕಥೆ ಬೇರೆ. ದೇವನಹಳ್ಳಿ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹೆಸರಿನ ಹಾಲ್ಟ್ ಸ್ಟೇಷನ್ 2021ರ ಜನವರಿಯಲ್ಲಿ ಬಳಕೆಗೆ ಬಂತು. ಅಲ್ಲಿಂದ ಟರ್ಮಿನಲ್‌ಗೆ ಮತ್ತೆ ಬಸ್ ಹತ್ತಬೇಕು, ದಿನಕ್ಕೆ ಬರುವ ರೈಲುಗಳೂ ಬೆರಳೆಣಿಕೆಯಷ್ಟು. ಹಳಿ ಇದೆ, ನಿಲ್ದಾಣವಿದೆ, ರೈಲಿದೆ. ಲಗೇಜ್ ಹಿಡಿದವರನ್ನು ಟರ್ಮಿನಲ್ ಬಾಗಿಲಿಗೆ ಮುಟ್ಟಿಸುವ ಕೊನೆಯ ತುಂಡೊಂದು ಇಲ್ಲ.

ಮಂಡಕಳ್ಳಿಯಲ್ಲಿ ಆ ತಪ್ಪು ಮರುಕಳಿಸಬಾರದು. ಮೈಸೂರು–ಚಾಮರಾಜನಗರ ಮಾರ್ಗ ವಿಮಾನ ನಿಲ್ದಾಣದ ಹತ್ತಿರವೇ ಹಾದುಹೋಗುತ್ತದೆ. ಆ ಮಾರ್ಗದ ಕಡಕೊಳ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿಯಿರಿ ಎನ್ನುವುದು ಏರ್‌ಪೋರ್ಟ್ ರೈಲಲ್ಲ. ಈಗಿನ ರನ್‌ವೇ 1,740 ಮೀಟರ್, ಎಟಿಆರ್‌ನಂಥ ಸಣ್ಣ ವಿಮಾನಗಳಿಗಷ್ಟೇ ಸಾಕು. ಅದನ್ನು ಉದ್ದ ಮಾಡುವ ಯೋಜನೆಯ ನಕ್ಷೆಗಳಲ್ಲಿ ಹೆದ್ದಾರಿಯನ್ನು ಏನು ಮಾಡುವುದೆಂಬ ಚರ್ಚೆ ನಡೆದಿರುವಾಗಲೇ ರೈಲಿನ ಜಾಗವನ್ನೂ ಗುರುತಿಸಬೇಕು. ಭೂಮಿ ಹೋದ ಮೇಲೆ ಕೇಳಿದರೆ ಸಿಗುವುದು ದೂರದ ಹಾಲ್ಟ್ ಸ್ಟೇಷನ್ನೇ.

ಕೇಳಬೇಕಾದದ್ದು ಹೊರದೇಶದ ರೈಲನ್ನಲ್ಲ. ನಮ್ಮ ಹಳಿಯ ಅಗಲವೇ ಬೇರೆ, ಚೆನ್ನೈನ ಪೆರಂಬೂರಿನ ರೈಲು ಬೋಗಿ ಕಾರ್ಖಾನೆಯ ಮೆಮುವೇ ಸಾಕು. ಮುಖ್ಯ ಹಳಿಯಿಂದ ಬೇರೆಯಾದ ಒಂದು ಲೂಪ್ ಹಳಿಯನ್ನು ಟರ್ಮಿನಲ್ ಕಡೆಗೆ ಹಾಕಲಿ, ಗೂಡ್ಸೂ ಇಲ್ಲಿ ನಿಲ್ಲದೆ ಓಡಿಹೋಗುವ ರೈಲೂ ಮುಖ್ಯ ಹಳಿಯಲ್ಲೇ ಹೋಗಲಿ. ಲೂಪಿನ ಪ್ಲಾಟ್‌ಫಾರ್ಮನ್ನು ಬೋಗಿಯ ನೆಲದ ಮಟ್ಟಕ್ಕೆ ಎತ್ತರಿಸಲು ವಿಶೇಷ ಅನುಮತಿ ಪಡೆಯಲಿ. ಮುಂಬೈಯ ಉಪನಗರ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್‌ಗಳನ್ನು 90 ಸೆಂ.ಮೀ. ಆಸುಪಾಸಿಗೆ ಎತ್ತರಿಸಿದ ಅನುಭವ ರೈಲ್ವೆಗೆ ಇದೆ. ಸಂದು ಮುಚ್ಚುವ ಸರಿಯುವ ಹಲಗೆಯನ್ನು ವಂದೇ ಭಾರತ್ ಬಾಗಿಲಿಗೆ ಕೂರಿಸಿದ್ದೂ ಅದೇ ರೈಲ್ವೆ. ಅಶೋಕಪುರಂ, ಮೈಸೂರು, ಮಂಡ್ಯ ನಿಲ್ದಾಣಗಳಲ್ಲೂ ಈ ರೈಲಿಗೆಂದು ಒಂದೊಂದು ಪ್ಲಾಟ್‌ಫಾರ್ಮಿನ ಎರಡು ಬೋಗಿಯಷ್ಟು ಉದ್ದವನ್ನಾದರೂ ಇಳಿಜಾರು ಕಟ್ಟಿ ಎತ್ತರಿಸಬೇಕು. ಹತ್ತುವ ಕಡೆ ಎತ್ತರವಿಲ್ಲದೆ ಇಳಿಯುವ ಕಡೆ ಮಾತ್ರ ಇದ್ದರೆ ಅರ್ಧ ಕೆಲಸ. ವಿಮಾನದ ವೇಳೆಗೆ ಹೊಂದುವ ರೈಲಿನ ವೇಳಾಪಟ್ಟಿಯೂ, ಟರ್ಮಿನಲ್‌ವರೆಗೆ ಮಳೆ ಬಿಸಿಲಿಗೆ ಸೂರಿರುವ, ಮೆಟ್ಟಿಲಿಲ್ಲದ ನಡೆದಾರಿಯೂ ಬೇಡಿಕೆಯ ಪತ್ರದಲ್ಲೇ ಇರಲಿ. ಮೈಸೂರು ಮತ್ತು ಮಂಡ್ಯದ ಸಂಸದರು ನೈಋತ್ಯ ರೈಲ್ವೆಗೂ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೂ ಬೇರೆ ಬೇರೆ ಪತ್ರ ಬರೆಯುವ ಬದಲು ಎರಡೂ ಇಲಾಖೆಯ ಎಂಜಿನಿಯರುಗಳನ್ನು ಒಂದೇ ನಕ್ಷೆಯ ಮುಂದೆ ಕೂರಿಸಿ, ಪ್ಲಾಟ್‌ಫಾರ್ಮಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆಸಿಕೊಳ್ಳಬೇಕೆಂದು ಈ ಮೂಲಕ ಕೋರುತ್ತೇವೆ.

ಇತಿ,
ನಿವೃತ್ತ ರೈಲ್ವೆ ಎಂಜಿನಿಯರುಗಳು,
ಅಶೋಕಪುರಂ, ಮೈಸೂರು